ಹಾರೋಹಳ್ಳಿಯಲ್ಲಿ ಕೇಳಿದ ಸೊಮಾಲಿಯಾದ ಸುದ್ದಿ

ಕನಕಪುರದ ಬಸ್ಸು ಹಾರೋಹಳ್ಳಿಯಲ್ಲಿ ಕೆಟ್ಟು ನಿಂತಿತು. ರಸ್ತೆ ಬದಿಯ ಎಸ್‌ಟಿಡಿ ಬೂತಿನ ಬೆಂಚಿನಲ್ಲಿ ಕುಳಿತೆ. ಗಾಜಿನ ಬಾಗಿಲ ಹಿಂದೆ ಎತ್ತರದ ಯುವಕನೊಬ್ಬ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ. ಹೆಸರು ಯೂಸುಫ್, ಸೊಮಾಲಿಯಾದವನು, ಇಲ್ಲಿನ ಔಷಧಿ ಕಾರ್ಖಾನೆಗೆ ತರಬೇತಿಗೆ ಬಂದವನು ಕನ್ನಡವನ್ನೂ ಕಲಿತಿದ್ದಾನೆ ಎಂದು ಬೂತಿನ ಜಯಮ್ಮ ಹೇಳಿದರು.

“ಅವರ ದೇಸದಲ್ಲಿ ಸರ್ಕಾರನೇ ಇಲ್ವಂತೆ ಕಣಣ್ಣ. ಪಕ್ಕದ ಕೀನ್ಯಾದೋರು ಎಲ್ಲಾ ಪಂಗಡದೋರ್ನೂ ಕೂರಿಸ್ಕಂಡು ರಾಜಿ ಮಾಡಿಸ್ತಾವ್ರೆ. ಇವನ ಅಪ್ಪನೂ ಆ ಮಾತುಕತೆಗೆ ಹೋಗಿ ಅಲ್ಲೇ ಅವ್ರೆ, ಎಲ್ಡು ವರ್ಸ ಆಯ್ತು.”

ಎರಡು ವರ್ಷದ ಮಾತುಕತೆ! ನಮ್ಮೂರ ಪಂಚಾಯಿತಿ ಎರಡು ದಿನ ನಡೆದರೇ ಜನ ಎದ್ದು ಹೋಗುತ್ತಾರೆ.

ಯೂಸುಫ್ ಕಣ್ಣೊರೆಸಿಕೊಂಡು ನಗುತ್ತಾ ಹೊರಬಂದ.

“ಏನಂದ್ರಪ್ಪ ನಿಮ್ಮಪ್ಪ?” ಎಂದರು ಜಯಮ್ಮ.

“ಒಪ್ಪಂದ ಆಯ್ತು ಆಂಟಿ. ಎಲ್ಲರೂ ಸಹಿ ಹಾಕಿದ್ರು. ಸರ್ಕಾರ ಬರುತ್ತೆ.”

“ಹಂಗಾರೆ ನಿಮ್ಮಪ್ಪ ಊರಿಗೆ ಹೋಯ್ತಾರೆ ಅನ್ನು!”

ಅವನ ನಗು ನಿಂತಿತು. “ಇಲ್ಲ. ಊರಲ್ಲಿ ಇನ್ನೂ ಗುಂಡು ಹಾರಿಸ್ತಾರೆ. ಸರ್ಕಾರನೂ ಸದ್ಯಕ್ಕೆ ಕೀನ್ಯಾದಲ್ಲೇ ಇರುತ್ತಂತೆ.”

ಜಯಮ್ಮ ಎದುರಿನ ಅಂಗಡಿಗೆ ಕೂಗಿ ಮೂರು ಟೀ ಹೇಳಿದರು. ಯೂಸುಫ್ ಕೂರಲಿಲ್ಲ.

“ಇನ್ನೊಂದು ಫೋನ್ ಮಾಡ್ಬೇಕು ಆಂಟಿ. ನಮ್ಮಮ್ಮ ಊರಲ್ಲೇ ಇದ್ದಾರೆ. ಅವರಿಗೆ ಸಹಿ ಆಯ್ತು ಅಂತ ಮಾತ್ರ ಹೇಳ್ತೀನಿ,” ಎಂದು ಗಾಜಿನ ಬಾಗಿಲು ಎಳೆದುಕೊಂಡ.