ಉಸ್ತಾದನ ಹೆಬ್ಬೆರಳಿನ ಸಾಕ್ಷಿ

ನನ್ನ ಎರಡು ಜೋಡಿ ಎತ್ತುಗಳಲ್ಲಿ ಒಂದು ಜೋಡಿ ಒಂದು ಮೊಕದ್ದಮೆಯ ಖರ್ಚಿಗೆ ಹೋಯಿತು. ನಾಲ್ಕಾರು ಪೇಶಿಗಳ ವಿಚಾರಣೆಯಲ್ಲಿ ಮುಗಿಯಬೇಕಾದದ್ದು ಎರಡು ವರ್ಷ ಎಳೆಯಿತು. ಕಾರಣ, ನಾನೇ ಆಡಿದ ಒಂದು ಸುಳ್ಳು.

ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಗೊನೆ ಹೆಗಲ ಮೇಲೆ ಹೊತ್ತು, ಬಂಡಿಗೆ ಹೇರಿ, ಕಲಬುರಗಿ ಪೇಟೆಯಲ್ಲಿ ಮಾರಿ ಮೇಲೆ ಬಂದವನು ನಾನು. ಒಂದು ಮುಂಜಾನೆ ಹಿಂದಿನಿಂದ ಬಂದ ಮೋಟಾರ್ ಲಾರಿ ಬಂಡಿಗೆ ಗುದ್ದಿತು. ರಸ್ತೆಗೆ ಬಿದ್ದೆ. ಅಂದಿನಿಂದ ಗೊನೆ ಹೊರುವುದಿರಲಿ, ಬಗ್ಗಿ ಚಪ್ಪಲಿ ಮೆಟ್ಟುವುದೂ ಆಗಲಿಲ್ಲ. ಲಾರಿ ಮಾಲೀಕನ ಮೇಲೆ ಮೊಕದ್ದಮೆ ಹೂಡಿದೆ. ಪರಿಹಾರ ಸಿಕ್ಕರೆ ಹೊರಲು ಆಳಿಡಬಹುದು; ಇಲ್ಲವಾದರೆ ವ್ಯಾಪಾರವೇ ಮುಗಿದಂತೆ.

ನಿಜವೆಂದರೆ ನನ್ನ ಬೆನ್ನು ಅದಕ್ಕೂ ಮೊದಲೇ ಕೆಟ್ಟಿತ್ತು. ಆದರೂ ಅದಾಲತ್ತಿನಲ್ಲಿ, "ಲಾರಿ ಬಡಿಯೂಕಿಂತ ಮುಂಚೆ ಒಂದಿನಾನೂ ಬೆನ್ನು ನೋವಿರಲಿಲ್ಲರೀ" ಎಂದುಬಿಟ್ಟೆ. ವ್ಯಾಪಾರಿಯ ಚಾಳಿ. ಕಪ್ಪಾದ ಹಣ್ಣಿದ್ದ ಬದಿಯನ್ನು ಹಿಂದೆ ತಿರುಗಿಸಿಯೇ ಗೊನೆ ತೋರಿಸಿ ಅಭ್ಯಾಸ.

ಲಾರಿ ಮಾಲೀಕನ ವಕೀಲರು ಕಮಲಾಪುರದ ಮುದುಕ ಉಸ್ತಾದನನ್ನು ಕರೆಸಿದರು. ಹಿಂದೆ ಕುಸ್ತಿ ಆಡಿದವನು, ಮೂಳೆ ಕೂಡಿಸುವವನು, ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವನು.

"ಇವರ ಬೆನ್ನು ಎಷ್ಟು ವರ್ಷದಿಂದ ತಿಕ್ಕಾಕತ್ತೀ?"

"ಆರು ವರ್ಷ ಆತರೀ, ಲಾರಿ ಬಡಿಯೂಕಿಂತ ಬಾಳ ಮೊದಲಿಂದ. ಅಮಾಸಿಗೊಮ್ಮೆ."

ವಕೀಲರು ಮುನ್ಸಿಫರತ್ತ ತಿರುಗಿದರು. "ಕೇಳಿದ್ರಲ್ಲ ಹುಜೂರ್? ಸಾವಕಾರ್ರ ಬಾಳಿಹಣ್ಣು ಸಿಹಿ, ಮಾತು ಇನ್ನೂ ಸಿಹಿ!"

ನಾನು ನೆಲ ನೋಡಿದೆ. ಉಸ್ತಾದ ಮಾತ್ರ, "ಪೂರಾ ಕೇಳ್ರಿ ಹುಜೂರ್" ಎಂದು, ಮುನ್ಸಿಫರ ಅಪ್ಪಣೆ ಪಡೆದು ನನ್ನ ಹಿಂದೆ ಬಂದು ನಿಂತ. ಕಣ್ಣು ಮುಚ್ಚಿ ಅಂಗಿಯ ಮೇಲಿಂದಲೇ ಹೆಬ್ಬೆರಳು ಜಾರಿಸಿದ.

"ಇಲ್ಲಿ ಬಲಕ್ಕ ಗಂಟು ಅದ. ಗೊನಿ ಹೊತ್ತು ಬಂದದ್ದು, ಹಳೇದು. ಎಣ್ಣಿ ತಿಕ್ಕಿದ್ರ ಮರುದಿನ ಮತ್ತ ಹೊರ್ತಿದ್ರು, ತೋಟದವ್ರು ನೋಡ್ಯಾರ. ಇಲ್ಲಿ ಎಡಕ್ಕ, ಕಾಲಿಗಿ ಇಳಿಯೂ ಬ್ಯಾನಿ, ಇದು ಲಾರಿ ಬಡದ ಮ್ಯಾಲ ಬಂದದ್ದು. ಈಗ ತಿಕ್ಕಿದ ಮ್ಯಾಲೂ ನಾ ಎಬ್ಬಿಸಿದ್ರಷ್ಟೇ ಏಳ್ತಾರ."

ಅಲ್ಲಿ ಒತ್ತಿದ್ದೇ ತಡ, ನನ್ನ ಎಡಗಾಲು ಕುಸಿಯಿತು, ಕಟಕಟೆ ಹಿಡಿದುಕೊಂಡೆ. ಅಕ್ಷರ ಬಾರದ ಆ ಮನುಷ್ಯ ನನ್ನ ಬೆನ್ನಿನ ಆರು ವರ್ಷಗಳನ್ನು ಒಂದು ಬೆರಳಲ್ಲಿ ಇಟ್ಟುಕೊಂಡಿದ್ದ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಮ್ಮೆ ಸುಳ್ಳಾಡಿದವನೆಂದು ಮುನ್ಸಿಫರು ತೋಟದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ವಿಚಾರಿಸಿದರು. ವರ್ಷಗಳು ಹೋದದ್ದು ಅದಕ್ಕೇ. ಕೊನೆಗೆ ಹೊಸ ನೋವಿಗಷ್ಟೇ ಪರಿಹಾರ ಬಂತು. ಆಳಿಟ್ಟೆ, ವ್ಯಾಪಾರ ಉಳಿಯಿತು.

ನಿಮಗೂ ಇಂಥದ್ದು ಒದಗಿದರೆ ಹಳೆಯ ನೋವನ್ನು ನೀವೇ ಮೊದಲು ಹೇಳಿ. ಆ ನೋವಿನಲ್ಲೂ ಏನೇನು ಮಾಡುತ್ತಿದ್ದಿರಿ, ಈಗ ಯಾವುದು ಆಗದು, ಇದನ್ನು ಕಂಡವರ ಬಾಯಿಂದ ಹೇಳಿಸಿ. ನಿಮ್ಮ ಬೆನ್ನು ಬಲ್ಲವನನ್ನು ನೀವೇ ಕರೆತನ್ನಿ. ಎದುರಿನವರು ಕರೆಸುವವರೆಗೆ ಕಾಯಬೇಡಿ.