ಜಜ್ಜದೆ ಉಳಿದ ನಿಂಬೆಹಣ್ಣು

ನಮ್ಮ ಭಾವನ ಹೊಸ ಬೈಕಿನ ಮುಂದಿನ ಚಕ್ರ, ಕೆಳಗಿಟ್ಟಿದ್ದ ನಿಂಬೆಹಣ್ಣನ್ನು ಜಜ್ಜುವ ಬದಲು ಮೇಲಕ್ಕೆದ್ದು ಆಕಾಶ ನೋಡಿತು. ಅಮೆರಿಕದ ಡುಲುತ್ ಊರಿನ ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ಆಯುಧಪೂಜೆಗೆ ಸೇರಿದ್ದವರೆಲ್ಲ ಹಿಂದೆ ಸರಿದರು. ಐವತ್ತರ ಹೊಸ್ತಿಲಲ್ಲಿ, ಫೋನಿನಲ್ಲಿ ವಿಡಿಯೋ ನೋಡಿ ವೀಲಿಂಗ್ ಕಲಿಯುತ್ತಿದ್ದ ಮಹಾಶಯರಿಗೆ ಅದೇ ರಂಗಪ್ರವೇಶ. ಎದ್ದ ಬೈಕ್ ಅಲ್ಲೇ ಪಕ್ಕಕ್ಕೆ ಮಗುಚಿತು, ಭಾವ ಹುಲ್ಲಿನ ಮೇಲೆ ಬಿದ್ದರು. ಫೋನ್ ಹಿಡಿದು ನಿಂತಿದ್ದ ಅಕ್ಕ ಅಳುತ್ತ ಅವರತ್ತ ಓಡಿದಳು. ಅವರು ಅವಳನ್ನು ಕೇಳಿದ್ದು ಒಂದೇ ಮಾತು: "ವಿಡಿಯೋ ಸರಿಯಾಗಿ ಬಂತಾ?"

ಪೂಜೆ ಮಾಡಿದ ಭಟ್ಟರು ನೆಲ ನೋಡಿ, "ರಾಯರೇ, ಮುಂದಿನ ಚಕ್ರದ ನಿಂಬೆಹಣ್ಣು ಹಾಗೇ ಉಳೀತಲ್ಲ" ಎಂದರು.

ನಿಂಬೆಹಣ್ಣು ಉಳಿಯಿತು, ಭಾವನ ಬಲಗೈ ಮುರಿಯಿತು. ಈಗ ದಿನಾ ಅಕ್ಕ ಅನ್ನ ಕಲಸಿ ತುತ್ತು ಕೊಡುತ್ತಾಳೆ. ಅವರು ಅವಳ ಮುಖವನ್ನೂ ನೋಡದೆ ಬಾಯಿ ತೆರೆದು, ಎಡಗೈಯಲ್ಲಿ ಫೋನ್ ಹಿಡಿದು, ಆ ವಿಡಿಯೋಗೆ ಬಿದ್ದ ಲೈಕ್ ಎಣಿಸುತ್ತಾರೆ.