ನೀರು ಕುಡಿಸುವ ಕೈಯನ್ನು ದೇವಿ ತಡೆದಳು

ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಡು ಎಂದು ನಮ್ಮ ಭಜನಾ ಮಂಡಳಿಯ ಹಿರಿಯರು ಹೇಳಿದ್ದಾರೆ. ನನಗೆ ಕಷ್ಟವಾಗಿರುವುದೇ ಅಲ್ಲಿ. ಆ ಸಂಜೆಯ ಒಂದು ನಿಮಿಷದ ಬಗ್ಗೆ ನನಗೆ ಇಂದಿಗೂ ಖಾತ್ರಿಯಿಲ್ಲ. ಹೆದರಿದವನ ನೆನಪು ಇಲ್ಲದ್ದನ್ನೂ ಸೇರಿಸಿಕೊಳ್ಳುತ್ತದೆ ಎಂದು ಓದಿದವನು ನಾನು. ಉಳಿದದ್ದಕ್ಕೆಲ್ಲ ಸಾಕ್ಷಿಗಳಿದ್ದಾರೆ.

ಕಳೆದ ಮಾರ್ಚ್‌ನ ಒಂದು ಭಾನುವಾರ. ಕಾಂದಿವಲಿಗೆ ಯಾರದೋ ಹುಟ್ಟುಹಬ್ಬಕ್ಕೆಂದು ಹೋಗಿದ್ದ ತಂಗಿ ಶ್ರಾವ್ಯಾ ಸಂಜೆ ಜೋಗೇಶ್ವರಿಯ ನಮ್ಮ ಮನೆಗೆ ಬಂದದ್ದು ಗೆಳತಿ ನೇಹಾಳ ಹೆಗಲಿಗೆ ಒರಗಿಕೊಂಡು. ವಾಂತಿ, ತಲೆನೋವು, ಮಾತು ತೊದಲುತ್ತಿತ್ತು.

"ಭಯ್ಯಾ, ಒಂದೇ ಗೋಲಿ ತಗೊಂಡಿದ್ಲು. ಎಕ್‌ಸ್ಟಸಿ. ಪಾನಿ ಪಿಲಾತೇ ರಹೋ, ನೀರು ಕುಡಿಸ್ತಾನೇ ಇರಿ ಅಂತ ಎಲ್ಲರೂ ಹೇಳಿದ್ರು," ಎಂದು ನೇಹಾ ಅತ್ತಳು.

ಅಮಲಿಗೆಂದು ನುಂಗುವ ಆ ಗುಳಿಗೆ ಮಿದುಳಿಗೆ ಮಾಡುವ ಹಾನಿಯೇ ನನ್ನ ಪಿಎಚ್‌ಡಿ ವಿಷಯ. ನನ್ನ ಕೆಲಸವೆಲ್ಲ ಇಲಿಗಳ ಮೇಲೆ. ಮೈ ಬಿಸಿಯೇರಿದಷ್ಟೂ ನರಗಳಿಗೆ ಪೆಟ್ಟು ಹೆಚ್ಚು ಎಂಬುದು ನನಗೆ ಬಾಯಿಪಾಠವಾಗಿತ್ತು. ಹಾಗಾಗಿ ನೀರು ಕುಡಿಸುವುದೇ ಸರಿ ಎಂದುಕೊಂಡೆ. ಒಂದು ಬಾಟಲಿ ಮುಗಿಸಿ ಇನ್ನೊಂದನ್ನು ಶುರುಮಾಡಿದೆ. ಮನೆಯಲ್ಲಿ ನಾವು ನಾಲ್ವರಲ್ಲದೆ ಬೇರೆ ಯಾರೂ ಇರಲಿಲ್ಲ. ನೇಹಾ ಕಿಟಕಿಯ ಬಳಿ ನಿಂತು ಮೊಬೈಲಿನಲ್ಲಿ ರಿಕ್ಷಾ ಬುಕ್ ಮಾಡಲು ಒದ್ದಾಡುತ್ತಿದ್ದಳು. ಅಮ್ಮ ಅಡುಗೆಮನೆಯಲ್ಲಿ ದೇವಿಯ ಪಟದ ಮುಂದೆ ದೀಪ ಹಚ್ಚಿದರು.

"ಅಮ್ಮಾ, ಈಗ ದೀಪ ಅಲ್ಲ, ರಿಕ್ಷಾ ಬೇಕು!"

"ಎರಡೂ ಬೇಕು ಮಾರಾಯ. ನೀನು ಅವಳನ್ನು ನೋಡು," ಎಂದರು. ಆಮೇಲೆ ದೇವಿಗೆ ಹೇಳಿದ್ದೂ ನನಗೆ ಕೇಳಿಸಿತು: "ಹೂವಿನ ಪೂಜೆ ಮಾಡಿಸ್ತೇನೆ ತಾಯೇ. ಮಗಳನ್ನು ಇದ್ದ ಹಾಗೇ ವಾಪಸ್ ಕೊಡು."

ಮೂರನೆಯ ಬಾಟಲಿಯನ್ನು ಅವಳ ತುಟಿಗೆ ಹಿಡಿದಿದ್ದೆ. ಆಗ ಬಳೆ ತೊಟ್ಟ ಕೈಯೊಂದು ಹಿಂದಿನಿಂದ ನನ್ನ ಮಣಿಕಟ್ಟನ್ನು ಹಿಡಿಯಿತು. "ಸಾಕು ಮಗಾ," ಎಂಬ ಮಾತು ಕೇಳಿಸಿತು. ಅಮ್ಮನೇ ಎಂದುಕೊಂಡು ಬಾಟಲಿ ಕೆಳಗಿಟ್ಟೆ. ಮರುಕ್ಷಣವೇ ಶ್ರಾವ್ಯಾಗೆ ಫಿಟ್ಸ್ ಬಂತು. ನೇಹಾ "ಆಂಟೀ!" ಎಂದು ಕಿರುಚಿದಳು. ತಂಗಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಕೆಳಗೆ ರಿಕ್ಷಾ ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ನೀರಿನ ಬಗ್ಗೆ. ಹೇಳಿದೆ.

"ಇನ್ನೂ ಕುಡಿಸದೇ ಇದ್ದದ್ದು ಪುಣ್ಯ. ಈ ಗುಳಿಗೆ ತಗೊಂಡವರ ಮೈಯಲ್ಲಿ ನೀರು ಹೊರಗೆ ಹೋಗದೆ ನಿಂತುಬಿಡುತ್ತೆ. ರಕ್ತದಲ್ಲಿ ಉಪ್ಪು ಇಳಿದು ಮಿದುಳು ಊದಿಕೊಂಡಿದೆ," ಎಂದರು ಅವರು.

ಇದನ್ನೂ ನಾನು ಎಲ್ಲೋ ಓದಿದ್ದೆ. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತು, ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಕೈ ಮುಗಿದೆ. ಬದುಕಿದರೂ ಅವಳು ಅವಳಾಗಿಯೇ ಉಳಿಯುತ್ತಾಳೋ ಇಲ್ಲವೋ ಎಂಬ ಭಯ ನನ್ನದು. ಪೆಟ್ಟು ಬಿದ್ದ ಮಿದುಳು ಏನೇನು ಕಳೆದುಕೊಳ್ಳುತ್ತದೆ ಎಂಬುದು ನನಗಿಂತ ಚೆನ್ನಾಗಿ ಅಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಕಣ್ಣು ತೆರೆದಳು. ನನ್ನನ್ನು ತುಸು ಹೊತ್ತು ನೋಡಿ, "ಏನಣ್ಣಾ, ನಿನಗೆ ಇಲಿಗಳು ಸಾಕಾಗ್ಲಿಲ್ವಾ?" ಎಂದಳು.

ನರ್ಸ್‌ಗೆ ನಾನು ಯಾಕೆ ಅಳುತ್ತಿದ್ದೇನೆಂದು ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. "ಇದ್ದ ಹಾಗೇ ಕೊಟ್ಟಿದ್ದಾಳೆ. ಬಾಯಿ ಸಮೇತ," ಎಂದರು.

ಹೂವಿನ ಪೂಜೆಯಾಯಿತು. ಶ್ರಾವ್ಯಾ ಕಾಲೇಜಿಗೆ ಹೋಗುತ್ತಿದ್ದಾಳೆ. ಆ ಸಂಜೆಯೊಂದನ್ನು ಬಿಟ್ಟರೆ ಅವಳಿಗೆ ಎಲ್ಲವೂ ನೆನಪಿದೆ. ನಾನು ಈಗ ಪ್ರತಿ ಶುಕ್ರವಾರ ಭಜನೆಗೆ ಬರುತ್ತೇನೆ. ಪ್ರಶ್ನೆ ಕೇಳುವ ಚಾಳಿ ಬಿಟ್ಟಿಲ್ಲ; ದೇವಿಗೆ ಅದರಿಂದ ಬೇಸರವಾದಂತೆಯೂ ಕಂಡಿಲ್ಲ.

ಪೂಜೆಯ ದಿನ ಅಮ್ಮನ ಕಾಲು ಮುಟ್ಟಿ, "ಅವತ್ತು ನೀವು ಕೈ ಹಿಡಿಯದಿದ್ದರೆ..." ಎಂದೆ.

"ನಾನೆಲ್ಲಿ ಹಿಡಿದೆ ಮಾರಾಯ? ದೀಪ ಹಚ್ಚಿದವಳೇ ಕೆಳಗೆ ಓಡಿದ್ದಲ್ವಾ!"

ನಂಬಲಿಲ್ಲ. ಫಿಟ್ಸ್ ಬಂತೆಂದು ಇಡೀ ಬಿಲ್ಡಿಂಗಿಗೆ ಗೊತ್ತಾಗಿದ್ದರಿಂದ ಸೊಸೈಟಿಯ ಸೆಕ್ರೆಟರಿ ಆ ಸಂಜೆಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಟ್ಟಿದ್ದರು. ಅವರ ಆಫೀಸಿನಲ್ಲಿ ಕೂತು ಅದನ್ನು ಎರಡು ಸಲ ನೋಡಿದೆ. ನೇಹಾ ಕಿರುಚಿದ್ದು ಕೇಳಿ ತಲೆಯೆತ್ತಿ ನಮ್ಮ ಕಿಟಕಿಯತ್ತ ನೋಡುವ ತನಕವೂ ಅಮ್ಮ ಗೇಟಿನ ಹೊರಗೆ, ರಸ್ತೆಯಲ್ಲಿ, ಬಂದ ಬಂದ ರಿಕ್ಷಾಕ್ಕೆಲ್ಲ ಕೈ ಮಾಡುತ್ತಾ ನಿಂತಿದ್ದರು.